ಬಾಗಿಲ ಹತ್ತಿರದ ಜಾಗ

ಒಂದು ಕಾಲದಲ್ಲಿ ನಾನು ಮೂರು ತಾಲೂಕಿಗೆ ಮೊದಲನೆಯವಳಾಗಿದ್ದೆ. ಒಂದು ಕಾಲ ಎಂದರೆ ಹದಿಮೂರು ದಿನ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯ ಕಥೆ ಹೇಳುವ, ಚಿತ್ರ ಬಿಡಿಸುವ, ಹಾಡು ಕಟ್ಟುವ ಮಕ್ಕಳಲ್ಲೆಲ್ಲ ನಾನೇ ಒಂದನೇ ನಂಬರ್. ಈಗ ಇದನ್ನು ಹೇಳಿದರೆ ಗೆಳತಿಯರು ನಗುತ್ತಾರೆ, ಅವರ ಜೊತೆ ನಾನೂ ನಗುತ್ತೇನೆ. ಆದರೆ ಆಗ ಪಿಯುಸಿ ಮೊದಲ ವರ್ಷದಲ್ಲಿದ್ದ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ನನಗೆ ಅದು ನಗುವ ವಿಷಯವಾಗಿರಲಿಲ್ಲ.

ನಮ್ಮ ತಾಣ ಶುರುವಾದದ್ದು ಶಾಲೆಗಳೆಲ್ಲ ಮುಚ್ಚಿ ಮಕ್ಕಳು ಮನೆಯಲ್ಲೇ ಕೂತಿದ್ದ ದಿನಗಳಲ್ಲಿ. ಬ್ರಹ್ಮಾವರದ ಒಬ್ಬರು ಡ್ರಾಯಿಂಗ್ ಟೀಚರ್ ತಮ್ಮ ಅಣ್ಣನ ಮಗಳ ಕೈಯಲ್ಲಿ ಒಂದು ವೆಬ್‌ಸೈಟ್ ಮಾಡಿಸಿದರು. ಹತ್ತರಿಂದ ಹದಿನೆಂಟು ವರ್ಷದ ಯಾರು ಬೇಕಾದರೂ ಅದರಲ್ಲಿ ತಮ್ಮದೊಂದು ಚಿತ್ರ, ಕಥೆ, ಹಾಡು ಏನನ್ನಾದರೂ ಹಾಕಬಹುದಿತ್ತು. ನನಗೆ ಬರೆಯಲು ಬೇಸರ, ಮಾತಾಡಲು ಬೇಸರವಿಲ್ಲ. ಹಾಗಾಗಿ ಫೋನಿನಲ್ಲಿ ಕಥೆ ಹೇಳಿ, ಆ ಧ್ವನಿಯನ್ನು ಹಾಕುತ್ತಿದ್ದೆ. ಹೆಚ್ಚಿನವು ನನ್ನ ಅಮ್ಮಮ್ಮ, ಅಂದರೆ ಅಮ್ಮ ಅಬ್ಬಿ ಎಂದು ಕರೆಯುತ್ತಿದ್ದ ಅವರ ತಾಯಿ, ಬದುಕಿದ್ದಾಗ ನನಗೆ ಹೇಳಿದವು. ಅವರು ತೀರಿಹೋಗಿ ಆಗ ಎರಡು ವರ್ಷ ಕಳೆದಿತ್ತು. ಕಥೆ ಹೇಳುವಾಗ ಅವರ ಧ್ವನಿ ನನ್ನ ಬಾಯಲ್ಲಿ ಬಂದ ಹಾಗೆ ಅನಿಸುತ್ತಿತ್ತು, ಅದಕ್ಕಾಗಿಯೇ ಹೇಳುತ್ತಿದ್ದೆನೋ ಏನೋ.

ಶಾಲೆಗಳು ತೆರೆದವು. ಮಕ್ಕಳಿಗೆ ಟ್ಯೂಷನ್, ಪರೀಕ್ಷೆ, ಬಸ್ಸು ಹಿಡಿಯುವ ಗಡಿಬಿಡಿ. ತಾಣ ಬಿಕೋ ಎನ್ನತೊಡಗಿತು. ಒಂದು ವಾರವಂತೂ ಬರೀ ಮೂರು ಜನ ಏನೋ ಹಾಕಿದ್ದರು, ಅದರಲ್ಲಿ ಒಬ್ಬಳು ನಾನು. ಆಗ ಟೀಚರ್ ಒಂದು ಉಪಾಯ ಮಾಡಿದರು. ಪ್ರತಿಯೊಂದರ ಕೆಳಗೂ ಒಂದು ಕೆಂಪು ಹಾರ್ಟ್ ಇಟ್ಟರು. ಯಾರು ಬೇಕಾದರೂ ಒತ್ತಬಹುದು, ಒಂದು ಫೋನಿಗೆ ಒಂದು. ಪ್ರತಿ ಸೋಮವಾರ ಬೆಳಿಗ್ಗೆ ಹೆಚ್ಚು ಹಾರ್ಟ್ ಬಿದ್ದವರ ಪಟ್ಟಿ, ಮೊದಲ ಹತ್ತು ಹೆಸರು ದೊಡ್ಡ ಅಕ್ಷರದಲ್ಲಿ, ಉಳಿದವರದು ಕೆಳಗೆ ಸಾಲಾಗಿ.

ಪಟ್ಟಿಯಿಂದ ಏನೂ ಒಳ್ಳೆಯದಾಗಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ತಿಂಗಳೊಳಗೆ ತಾಣ ತುಂಬಿತು. ನಮ್ಮ ಕಾಲೇಜಿನ ಬಸ್ಸಿನಲ್ಲೇ ನಾಲ್ಕು ಜನ ಸೇರಿಕೊಂಡರು. ಅದುವರೆಗೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಚುತ್ತಿದ್ದವರೆಲ್ಲ ಬಣ್ಣ ಹಚ್ಚಿ, ಮಸಿ ತಿದ್ದಿ ಹಾಕತೊಡಗಿದರು. ನಾನೂ ಒಂದು ಕಥೆಯನ್ನು ಮೂರು ಮೂರು ಸಲ ಹೇಳಿ ಅಭ್ಯಾಸ ಮಾಡಿದೆ. ಅದೆಲ್ಲ ಆದ ಮೇಲೆ ಸೋಮವಾರ ಪಟ್ಟಿ ತೆರೆದರೆ ನಾನು ಮೂವತ್ತೆಂಟನೆಯವಳು. ಮುಂದಿನ ವಾರ ನಲವತ್ತೊಂದು. ಕಥೆ ಚೆನ್ನಾಗಿದ್ದರೂ ಅಷ್ಟೇ, ಕೆಟ್ಟದಿದ್ದರೂ ಅಷ್ಟೇ.

ಒಂದನೇ ನಂಬರಿನಲ್ಲಿ ಸದಾ ಹಟ್ಟಿಯಂಗಡಿ ಕಡೆಯ ಒಬ್ಬ ಹುಡುಗ. ಅವನ ಚಿತ್ರಗಳು ನಿಜವಾಗಿಯೂ ಚೆಂದ, ಅದನ್ನು ಆಗಲೂ ಹೊಟ್ಟೆಕಿಚ್ಚಿನ ನಡುವೆಯೇ ಒಪ್ಪುತ್ತಿದ್ದೆ. ಆದರೆ ಅವನ ಅಪ್ಪನಿಗೆ, ಚಿಕ್ಕಪ್ಪಂದಿರಿಗೆ ಮುಂಬೈಯಲ್ಲಿ ಹೋಟೆಲುಗಳು. ಅವನ ಚಿತ್ರ ಬಂದ ಕೂಡಲೇ ಅಲ್ಲಿನ ಮ್ಯಾನೇಜರು, ಸಪ್ಲೈಯರು, ಅಡಿಗೆಯವರು ಎಲ್ಲರ ಫೋನಿನಿಂದ ಹಾರ್ಟು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಹೊತ್ತಿಗೆ ಸರಿಯಾಗಿ ಅವನ ಲೆಕ್ಕ ಏರುತ್ತಿತ್ತು. ಇದನ್ನು ಕಂಡುಹಿಡಿದವಳು ನಾನೇ. ಕಂಡುಹಿಡಿದು ಮನೆಯಲ್ಲಿ ಅನ್ನ ಬಡಿಸಿಕೊಳ್ಳುತ್ತಾ, ಪಾತ್ರೆ ತೊಳೆಯುತ್ತಾ, ಬಟ್ಟೆ ಒಣಗಿಸುತ್ತಾ ಅಮ್ಮನ ತಲೆ ತಿಂದವಳೂ ನಾನೇ.

ಅಮ್ಮ ಬೈಂದೂರು ಕಡೆಯ ಒಂದು ಸಣ್ಣ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾರೆ. ಅವರಿಗೆ ನನ್ನ ತಾಣದ ವಿಷಯ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಬೇಕಾಗಿರಲಿಲ್ಲ. "ಮನಿಗ್ ಬಂದ್ ಮೇಲೆ ಕೇಂತೆ ಮಗಾ" ಎಂದು ನನ್ನ ಕಥೆಗಳನ್ನು ಕೇಳುವುದನ್ನು ಮುಂದಕ್ಕೆ ಹಾಕುತ್ತಿದ್ದರು. ಮನೆಗೆ ಬಂದ ಮೇಲೆ ಕಾಲು ಚಾಚಿದರೆ ನಿದ್ದೆ. ಅವರನ್ನು ದೂರಲಾರೆ, ಬೆಳಿಗ್ಗೆ ನಾಲ್ಕೂವರೆಗೆ ಏಳುವವರು.

ಹೀಗಿರುವಾಗ ಒಂದು ದಿನ ನಾನು ಅಮ್ಮಮ್ಮನ ಹೊಳೆಯ ಕಥೆಯನ್ನು ಹೇಳಿದೆ. ಅಮ್ಮಮ್ಮ ಹರೆಯದಲ್ಲಿ ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಬುಡದ ಊರುಗಳವರೆಗೆ ನಡೆದೇ ಹೋಗುತ್ತಿದ್ದರು. ಮಳೆಗಾಲಕ್ಕೆ ಮೊದಲು ಆ ಊರುಗಳ ಮನೆಗಳಲ್ಲಿ ಒಣಮೀನು ಕೂಡಿಡುತ್ತಾರೆ. ಒಂದು ವರ್ಷ ಮಳೆ ಬೇಗ ಹಿಡಿಯಿತು. ವಾಪಸ್ಸು ಬರುವಾಗ ಹೊಳೆಯಲ್ಲಿ ಕೆಂಪು ನೀರು. ಬುಟ್ಟಿಯಲ್ಲಿ ಮೀನಿನ ಬದಲಿಗೆ ಸಿಕ್ಕಿದ್ದ ಅಕ್ಕಿ, ಮನೆಯಲ್ಲಿ ಹಾಲು ಕುಡಿಯುವ ಮಗು. ಆ ಮಗು ನನ್ನ ಅಮ್ಮ. ಹನ್ನೊಂದು ನಿಮಿಷದ ಕಥೆ. ಮನೆಯ ಹಿಂದೆ ಬಚ್ಚಲಿನ ಕಟ್ಟೆಯ ಮೇಲೆ ಕೂತು, ಮಧ್ಯಾಹ್ನ ಯಾರೂ ಇಲ್ಲದಾಗ ಹೇಳಿದೆ. ನಡುವೆ ಅಮ್ಮನ ಫೋನು ಬಂತು, ಅನ್ನಕ್ಕೆ ಇಟ್ಟೆಯಾ ಎಂದು ಕೇಳಲು. ಸಿಟ್ಟಿನಿಂದ ಕರೆಯನ್ನು ಕತ್ತರಿಸಿ ಕಥೆ ಮುಂದುವರಿಸಿದೆ. ಹೇಳಿ ಮುಗಿಸಿದಾಗ ನನಗೇ ಕಣ್ಣು ತುಂಬಿತ್ತು. ಮತ್ತೆ ಕೇಳದೆ ಹಾಗೆಯೇ ತಾಣಕ್ಕೆ ಹಾಕಿದೆ. ಅಮ್ಮನ ಫೋನಿಗೂ ಅದರ ಲಿಂಕ್ ಕಳಿಸಿದೆ.

ಅದಾದ ಎರಡನೇ ಸೋಮವಾರ ಪಟ್ಟಿ ತೆರೆದರೆ ನನ್ನ ಹೆಸರು ಮೊದಲು. ಇನ್ನೂರ ಹನ್ನೊಂದು ಹಾರ್ಟು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಾನು ಕೂರಲೇ ಇಲ್ಲ, ಸೀಟು ಖಾಲಿಯಿದ್ದರೂ ನಿಂತೇ ಹೋದೆ, ನನ್ನನ್ನು ಎಲ್ಲರೂ ನೋಡಲಿ ಎಂದು. ಅಮ್ಮನಿಗೆ ಹೇಳಿದಾಗ ಅವರು "ಹೌದಾ? ಗಮ್ಮತ್ತಾಯ್ತಲೆ!" ಎಂದು ನನ್ನ ಕೆನ್ನೆ ಹಿಂಡಿದರು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ನನ್ನ ಮೊದಲ ಸ್ಥಾನದ ಹನ್ನೆರಡನೇ ದಿನ ಒಂದು ಸಂದೇಶ ಬಂತು. ಕೆರಾಡಿಯ ಹುಡುಗಿ, ಎಂಟನೇ ಕ್ಲಾಸು. ತಾಣದಲ್ಲಿ ಅವಳು ಅದುವರೆಗೆ ಏನನ್ನೂ ಹಾಕಿದವಳಲ್ಲ, ಹಾಗಾಗಿ ಪಟ್ಟಿಯಲ್ಲಿ ಕಟ್ಟಕಡೆಗೆ, ಸೊನ್ನೆಯ ಮುಂದೆ ಅವಳ ಹೆಸರು. ಅವಳು ಬರೆದದ್ದು ಇಷ್ಟು: "ಅಕ್ಕ, ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಹೋಗಿ ನಿಮ್ಮ ಕಥೆ ಇಳಿಸಿಕೊಂಡು ಬಂದೆ. ನಾಲ್ಕು ನಿಮಿಷಕ್ಕೆ ನಿಂತುಹೋಯಿತು. ನಮ್ಮ ಫೋನಿನದೇ ತಪ್ಪು ಎಂದು ಮತ್ತೆ ಗುಡ್ಡ ಹತ್ತಿ ಇಳಿಸಿದೆ. ಆಗಲೂ ಅಷ್ಟಕ್ಕೇ ನಿಂತಿತು. ನಮ್ಮ ಅಜ್ಜಿಯೂ ಕೇಳಿದರು. ಅವರು ಎರಡು ದಿನದಿಂದ ನನ್ನ ಹತ್ತಿರ ಕೇಳುತ್ತಿದ್ದಾರೆ. ಆ ಬುಟ್ಟಿಯ ಅಮ್ಮ ಹೊಳೆ ದಾಟಿದರಾ?"

ನಾನು ನನ್ನ ಕಥೆಯನ್ನು ಮೊದಲ ಸಲ ಹಾಕಿ ಕೇಳಿದೆ. "ನೀರು ಮೊಣಕಾಲಿಗೆ ಬಂತು. ಅಮ್ಮಮ್ಮ ಬುಟ್ಟಿಯನ್ನು ಎರಡೂ ಕೈಯಲ್ಲಿ..." ಅಷ್ಟೇ. ಅಮ್ಮನ ಕರೆ ಬಂದಾಗ ಫೋನು ನನ್ನ ಧ್ವನಿ ಹಿಡಿಯುವುದನ್ನು ನಿಲ್ಲಿಸಿತ್ತು. ಉಳಿದ ಏಳು ನಿಮಿಷ ನಾನು ಬಚ್ಚಲಿನ ಗೋಡೆಗೆ ಕಥೆ ಹೇಳಿದ್ದೆ.

ಒಂದು ಕ್ಷಣ ನಗು ಬಂತು. ಆಮೇಲೆ ಪಟ್ಟಿ ತೆರೆದು ಲೆಕ್ಕ ನೋಡಿದೆ. ಇನ್ನೂರಕ್ಕೂ ಹೆಚ್ಚು ಜನ ಹಾರ್ಟು ಒತ್ತಿದ್ದಾರೆ. ಅಮ್ಮಮ್ಮನನ್ನು ನಡುಹೊಳೆಯಲ್ಲಿ ನಿಲ್ಲಿಸಿ ಹೋಗಿದ್ದೇನೆ ಎಂದು ಅವರಲ್ಲಿ ಒಬ್ಬರೂ ಹೇಳಿಲ್ಲ. ಹಾಗಾದರೆ ಕೇಳಿದವರು ಯಾರು?

ಮರುದಿನ ಶನಿವಾರ. ಕಾಲೇಜು ಅರ್ಧ ದಿನ. ಅಮ್ಮನಿಗೆ ಊಟ ಕೊಟ್ಟು ಬರೋಣ ಎಂದು ಮಾರುಕಟ್ಟೆಗೆ ಹೋದೆ. ಅಮ್ಮ ಬೆನ್ನು ಹಾಕಿ ಕೂತಿದ್ದರು, ನಾನು ಬಂದದ್ದು ಅವರಿಗೆ ಕಾಣಲಿಲ್ಲ. ಎದುರಿಗೆ ಸ್ಕೂಟರಿನ ಹೆಲ್ಮೆಟ್ ಹಿಡಿದ ಒಬ್ಬರು.

"ಹ್ವಾಯ್, ಇದ್ರಲ್ಲ್ ಒಂದ್ ಕೆಂಪ್ ಹಾರ್ಟ್ ಇತ್ತ್ ಕಾಣಿ, ಅದನ್ನ್ ಒಂದ್ ಸಲ ಒತ್ತಿ. ನಮ್ಮ್ ಹೆಣ್ಣಿನ್ ಕಥಿ. ಎರಡ್ ಬಂಗ್ಡಿ ಹೆಚ್ಚ್ ಹಾಕ್ತೆ" ಎಂದರು ಅಮ್ಮ, ತಮ್ಮ ಫೋನನ್ನು ಅವರ ಮುಂದೆ ಹಿಡಿದು.

"ಕಥಿ ಕೇಂಬುಕೆಲ್ಲ ಪುರ್ಸೊತ್ತಿಲ್ಲೆ ಮಾರಾಯ್ತಿ."

"ಕೇಂಬುದ್ ಎಂತ ಬ್ಯಾಡ. ಒತ್ತಿರೆ ಸಾಕ್."

ಅವರು ಲಿಂಕನ್ನು ತಮ್ಮ ಫೋನಿಗೆ ತೆಗೆದುಕೊಂಡು ಒತ್ತಿದರು. ಅಮ್ಮ ಎರಡು ಬಂಗುಡೆ ಮೀನು ಹೆಚ್ಚು ಹಾಕಿದರು. ದಪ್ಪದ್ದು, ಆರಿಸಿ ಹಾಕಿದರು. ನಾನು ಊಟದ ಡಬ್ಬಿ ಹಿಡಿದು ಹಿಂದೆ ನಿಂತಿದ್ದೆ.

ಅವರು ಹೋಗುವವರೆಗೂ ತಾಳಿದೆ. ಆಮೇಲೆ ತಾಳಲಿಲ್ಲ. ಬಾಯಿಗೆ ಬಂದಂತೆ ಕೂಗಾಡಿದೆ, ಅಕ್ಕಪಕ್ಕದ ಹೆಂಗಸರೆಲ್ಲ ಕತ್ತಿ ನಿಲ್ಲಿಸಿ ನೋಡುವ ಹಾಗೆ. "ಮೀನ್ ಕೊಟ್ಟ್ ನಂಬರ್ ತಕಂಬುಕೆ ನಾ ಹೇಳಿದ್ನಾ ನಿಂಗೆ? ಇದ್ಕಿಂತ ನಲ್ವತ್ತೊಂದೇ ಒಳ್ಳೇದಿತ್ತ್!"

ಅಮ್ಮ ಕೈ ಒರೆಸಿಕೊಂಡರು. ಅವರಿಗೆ ನಾಚಿಕೆಯಾದ ಹಾಗೆ ಕಾಣಲಿಲ್ಲ. ನನಗೆ ಇನ್ನೂ ಸಿಟ್ಟು ಬಂತು.

"ಆ ಗಂಡಿಗೆ ಒತ್ತುಕೆ ಬೊಂಬಾಯಲ್ಲ್ ಅಷ್ಟ್ ಜನ ಇದ್ದ್ರ್ ಅಂದೇಳಿ ನೀನೇ ಹೇಳಿದ್ದಲ್ದಾ? ನಿಂಗ್ ಯಾರಿದ್ದ್ರ್? ನಾನಲ್ದಾ ಇಪ್ಪುದ್?"

ನಾನು ಬೇರೆ ದಾರಿ ಹಿಡಿದೆ. ಈ ಮಾರುಕಟ್ಟೆಯಲ್ಲಿ ಬಾಗಿಲಿನ ಹತ್ತಿರದ ಜಾಗ ಎಂದರೆ ಚಿನ್ನ. ಒಳಗೆ ಬಂದವರ ಕಣ್ಣು ಮೊದಲು ಬೀಳುವುದು ಅಲ್ಲಿ, ಬೆಳಗಿನ ಒಳ್ಳೆಯ ವ್ಯಾಪಾರ ಎಲ್ಲ ಅಲ್ಲಿಯೇ. ತೀರಾ ಒಳಗೆ, ನಲ್ಲಿಯ ಪಕ್ಕದ ಜಾಗಕ್ಕೆ ಗಿರಾಕಿ ಬರುವ ಹೊತ್ತಿಗೆ ಚೀಲ ತುಂಬಿರುತ್ತದೆ. ಆದರೆ ಮಾರುಕಟ್ಟೆಯ ಹದಿನಾಲ್ಕು ಹೆಂಗಸರ ನಡುವೆ ಜಾಗಕ್ಕಾಗಿ ಜಗಳವಾದದ್ದನ್ನು ನಾನು ಕಂಡಿಲ್ಲ, ಬೇರೆ ಎಲ್ಲದಕ್ಕೂ ಜಗಳ ಕಂಡಿದ್ದೇನೆ. ದಿನಾ ಬೆಳಿಗ್ಗೆ ಪ್ರತಿಯೊಬ್ಬರೂ ಒಂದೊಂದು ಜಾಗ ಬಾಗಿಲಿನ ಕಡೆಗೆ ಸರಿಯುತ್ತಾರೆ. ಬಾಗಿಲಲ್ಲಿದ್ದವರು ಎದ್ದು ನಲ್ಲಿಯ ಪಕ್ಕಕ್ಕೆ ಹೋಗುತ್ತಾರೆ. ಯಾರಾದರೂ ಹುಷಾರಿಲ್ಲದೆ ಬಾರದಿದ್ದರೆ ಅವರ ಜಾಗವನ್ನು ಖಾಲಿ ಬಿಟ್ಟೇ ಉಳಿದವರು ಸರಿಯುತ್ತಾರೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ.

"ಇಲ್ಲ್ ಬಾಗ್ಲಲ್ಲ್ ಕೂಕಂಬುಕೆ ನೀನ್ ಹೀಂಗೇ ಮಾಡ್ತ್ಯಾ?" ಎಂದು ಕೇಳಿದೆ.

"ಇಲ್ಲ್ ಪಾಳಿ ಇತ್ತ್" ಎಂದರು ಅಮ್ಮ. "ನಿಮ್ಮಲ್ಲ್ ಪಾಳಿ ಇತ್ತಾ? ಪಾಳಿ ಇಲ್ದಿದ್ದಲ್ಲ್ ನಾನ್ ಇನ್ನೆಂತ ಮಾಡುದ್ ಮಗಾ?"

ಪಕ್ಕದ ಹೆಂಗಸು "ಹೌದಲ್ದಾ" ಎಂದರು. ನಾನು ಡಬ್ಬಿ ಇಟ್ಟು ಬಂದುಬಿಟ್ಟೆ.

ಬಸ್ಸಿನಲ್ಲಿ ಅತ್ತೆ. ಆವತ್ತು ನನ್ನ ತೀರ್ಮಾನ ಗಟ್ಟಿಯಾಗಿತ್ತು, ಇನ್ನು ಕಥೆ ಹೇಳುವುದಿಲ್ಲ. ಕೇಳುವವರಿಲ್ಲದ ಮೇಲೆ ಬಾಯಿ ನೋಯಿಸಿಕೊಳ್ಳುವುದು ಯಾಕೆ? ಮನೆಗೆ ಬಂದು, ತಾಣದಿಂದ ನನ್ನ ಹೆಸರು ತೆಗೆಯಿರಿ ಎಂದು ಟೀಚರಿಗೆ ಬರೆಯಲು ಕೂತೆ. ಆದರೆ ಫೋನು ತೆರೆದರೆ ಆ ಹುಡುಗಿಯ ಪ್ರಶ್ನೆಯೇ ಮೇಲೆ ಕೂತಿದೆ. ಅವಳಿಗೆ ಏನು ಹೇಳುವುದು? "ದಾಟಿದರು" ಎಂದು ಒಂದು ಪದದಲ್ಲಿ ಬರೆದರೆ ಮುಗಿಯಿತು. ಬರೆದೆ, ಅಳಿಸಿದೆ. ಎರಡು ಸಲ ಗುಡ್ಡ ಹತ್ತಿದವಳಿಗೆ ಒಂದು ಪದ ಕಳಿಸಲು ಮನಸ್ಸು ಬರಲಿಲ್ಲ. ಆ ಅಜ್ಜಿಗೆ ಅದು ಸಾಲುವುದೂ ಇಲ್ಲ. ನನ್ನ ಅಮ್ಮಮ್ಮನಿಗಾದರೂ ಸಾಲುತ್ತಿರಲಿಲ್ಲ.

ಕೊನೆಗೆ ಟೀಚರಿಗೆ ನಡೆದದ್ದೆಲ್ಲ ಬರೆದೆ, ಬಂಗುಡೆಯ ಸಮೇತ. ನನ್ನನ್ನು ಮೊದಲ ಸ್ಥಾನದಿಂದ ತೆಗೆಯಿರಿ, ಆಮೇಲೆ ನಮ್ಮ ಮೀನು ಮಾರುಕಟ್ಟೆಯಲ್ಲಿರುವ ಹಾಗೆ ಇಲ್ಲಿಯೂ ಪಾಳಿ ಮಾಡಿ ಎಂದೆ. ಟೀಚರ್ ಫೋನು ಮಾಡಿದರು. ಬಂಗುಡೆಯ ವಿಷಯಕ್ಕೆ ಬಿದ್ದು ಬಿದ್ದು ನಕ್ಕರು. ಪಾಳಿಯ ವಿಷಯಕ್ಕೆ ಮಾತ್ರ ಕೂಡಲೇ ಒಪ್ಪಲಿಲ್ಲ.

"ಪಟ್ಟಿ ಇಲ್ದಿದ್ದಾಗ ಒಂದ್ ವಾರ ಮೂರೇ ಜನ ಇದ್ದದ್ದ್, ನೆನ್ಪಿತ್ತಾ ನಿಂಗೆ?" ಎಂದರು. "ನಾನೊಬ್ಳೇ ಹೇಳುದಲ್ಲ. ಎಲ್ಲರತ್ರ ಕೇಂಬ."

ಭಾನುವಾರ ವೀಡಿಯೊದಲ್ಲಿ ಎಲ್ಲರೂ ಸೇರಿದೆವು. ನಾನು ಹಟ್ಟಿಯಂಗಡಿಯ ಹುಡುಗನ ಮೇಲೆ ಹರಿಹಾಯಲು ತಯಾರಾಗಿಯೇ ಕೂತಿದ್ದೆ. ಅವನೇ ಮೊದಲು ಮಾತಾಡಿದ. "ಪಟ್ಟಿ ತೆಗಿಬ್ಯಾಡಿ ಟೀಚರ್. ಒಂದ್ನೇ ನಂಬರ್ ಬಂದ್ರೆ ಮಾತ್ರ ಅಪ್ಪಯ್ಯ ಬೊಂಬಾಯಿಂದ ಫೋನ್ ಮಾಡಿ ಚಿತ್ರದ್ ವಿಷ್ಯ ಮಾತಾಡುದ್." ಅಷ್ಟು ಹೇಳಿ ಅವನು ತಲೆ ತಗ್ಗಿಸಿದ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಇನ್ನೂರು ಹಾರ್ಟಿನ ಹಿಂದೆ ಅವನು ಕಾಯುತ್ತಿದ್ದದ್ದು ಒಬ್ಬರ ಮಾತಿಗೆ. ನಾನು ಕಾಯುತ್ತಿದ್ದದ್ದೂ ಬೇರೆಯೇನಲ್ಲ.

ಎರಡು ಗಂಟೆ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಸೋಮವಾರದ ಪಟ್ಟಿ ಬೇಡ, ಹಾರ್ಟು ಬೇಡ. ದಿನಕ್ಕೊಬ್ಬರದು ಎಲ್ಲಕ್ಕಿಂತ ಮೇಲೆ, ಮಾರುಕಟ್ಟೆಯ ಬಾಗಿಲ ಹತ್ತಿರದ ಜಾಗದ ಹಾಗೆ. ಮರುದಿನ ಅದು ಕೊನೆಗೆ ಹೋಗಿ ಮುಂದಿನವರದು ಮೇಲೆ. ಬಾಗಿಲಿಗೆ ಬರಬೇಕಾದರೆ ಹಿಂದಿನ ದಿನ ಅಲ್ಲಿದ್ದವರ ಕೆಲಸದ ಬಗ್ಗೆ ಎರಡು ಸಾಲಾದರೂ ಬರೆದಿರಬೇಕು, "ಸೂಪರ್" ಎಂದು ಬರೆದರೆ ಲೆಕ್ಕಕ್ಕಿಲ್ಲ. ವರ್ಷಕ್ಕೊಮ್ಮೆ ಬೇಕಾದವರಿಗೆ ಸ್ಪರ್ಧೆ, ಅದಕ್ಕೆ ಹೊರಗಿನ ತೀರ್ಪುಗಾರರು, ಮೊದಲನೆಯದು ಎರಡನೆಯದು ಎಲ್ಲ ಇರಲಿ. ಈ ಕೊನೆಯದು ಆ ಹುಡುಗನಿಗಾಗಿ. ಆದರೂ ಅವನು ಎರಡು ತಿಂಗಳು ತಾಣದ ಕಡೆ ತಲೆ ಹಾಕಲಿಲ್ಲ. ಕೆಲವರು ಬಿಟ್ಟೇ ಹೋದರು, ಮತ್ತೆ ಬರಲಿಲ್ಲ. ಅವರಲ್ಲಿ ಒಬ್ಬಳ ಹಾಡುಗಳನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ. ವರ್ಷದ ಸ್ಪರ್ಧೆಯಲ್ಲಿ ಹಟ್ಟಿಯಂಗಡಿಯ ಹುಡುಗನೇ ಗೆದ್ದ, ಅವನ ಅಪ್ಪ ಬಹುಮಾನ ನೋಡಲು ಊರಿಗೆ ಬಂದಿದ್ದರು. ನಾನು ಮನಸಾರೆ ಚಪ್ಪಾಳೆ ತಟ್ಟಿದೆ.

ಈಗ ತಾಣವನ್ನು ನೋಡಿಕೊಳ್ಳುವ ಮೂವರಲ್ಲಿ ನಾನೂ ಒಬ್ಬಳು. ಪ್ರತಿ ವರ್ಷ ಹೊಸದಾಗಿ ಬಂದ ಮಕ್ಕಳು ಕೇಳುತ್ತಾರೆ, ಅಕ್ಕ, ಇಲ್ಲಿ ರ‍್ಯಾಂಕ್ ಯಾಕಿಲ್ಲ ಎಂದು. ನಾನು ಬಂಗುಡೆಯ ಕಥೆ ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರಿಗೆ ಸಮಾಧಾನವಾಗುವುದಿಲ್ಲ. ಆಗದಿದ್ದರೆ ವರ್ಷದ ಸ್ಪರ್ಧೆಯಲ್ಲಿ ಸೇರಿಕೊಳ್ಳಿ ಎನ್ನುತ್ತೇನೆ. ಗೆಲ್ಲಬೇಕು ಎನ್ನುವ ಆಸೆ ಕೆಟ್ಟದ್ದೆಂದು ಹೇಳಲು ನನಗೆ ಬಾಯಿಲ್ಲ, ಬಸ್ಸಿನಲ್ಲಿ ನಿಂತು ಹೋದವಳು ನಾನು.

ಕೆರಾಡಿಯ ಹುಡುಗಿಗೆ ನಾನು ಎಷ್ಟು ಋಣಿ ಎಂದು ಅವಳಿಗೆ ಪೂರ್ತಿ ತಿಳಿದಿಲ್ಲ. ಕಳೆದ ವರ್ಷ ತಾಣದವರೆಲ್ಲ ಸೇರಿದಾಗ ಅವಳನ್ನು ಮೊದಲ ಸಲ ಕಂಡೆ. ಹೇಳಲು ಹೋಗಿ, ಊಟ ಆಯಿತಾ ಎಂದು ಕೇಳಿ ಬಂದೆ. ಅವಳು ಆ ಪ್ರಶ್ನೆ ಕೇಳದಿದ್ದರೆ ನಾನು ಆ ಶನಿವಾರವೇ ಕಥೆ ನಿಲ್ಲಿಸಿರುತ್ತಿದ್ದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಆ ವರ್ಷ ಪಾಳಿಯಲ್ಲಿ ನನ್ನ ದಿನ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕಾಯಿಸುವುದು ಬೇಡವೆಂದು ಕೆರಾಡಿಗೆ ಮಾತ್ರ ಇಡೀ ಕಥೆಯನ್ನು ಮೊದಲೇ ಕಳಿಸಿದ್ದೆ, ಫೋನಿಗೆ ಕರೆ ಬಾರದ ಹಾಗೆ ಮಾಡಿ, ಮತ್ತೆ ಹನ್ನೊಂದು ನಿಮಿಷ ಹೇಳಿ. ಮೂರನೇ ಸಲ ಗುಡ್ಡ ಹತ್ತಿದ ಅವಳು ಬರೆದಳು: "ಅಜ್ಜಿ ಕೇಳಿ ಮುಗಿಸಿ, ಇನ್ನು ನಿದ್ದೆ ಬರುತ್ತದೆ ಎಂದರು."

ಹೊಸದಾಗಿ ಹೇಳಿದ ನನ್ನ ಕಥೆ ಬಾಗಿಲಿಗೆ ಬಂದ ದಿನ ಹತ್ತೊಂಬತ್ತು ಜನ ಕೇಳಿ, ಎರಡೆರಡು ಸಾಲು ಬರೆದರು. ಒಬ್ಬ ಹುಡುಗ ಬುಟ್ಟಿಯಲ್ಲಿ ಅಷ್ಟು ಅಕ್ಕಿ ಹಿಡಿಯುವುದಿಲ್ಲ ಎಂದು ವಾದ ಹೂಡಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ಜೊತೆ ಜಗಳವಾಡಲೂ ಮರೆತೆ.

ಆವತ್ತೂ ಅಮ್ಮನಿಗೆ ಊಟ ತೆಗೆದುಕೊಂಡು ಹೋದೆ. ಆ ಶನಿವಾರದ ಮೇಲೆ ನಾವು ಮಾತು ಬಿಟ್ಟಿರಲಿಲ್ಲ, ಆದರೆ ಕಥೆಯ ಮಾತು ಮಾತ್ರ ಇಬ್ಬರೂ ಎತ್ತಿರಲಿಲ್ಲ. ಬೆಳಿಗ್ಗೆ ಅವರ ಫೋನಿಗೆ ಹೊಸ ಲಿಂಕ್ ಮಾತ್ರ ಕಳಿಸಿದ್ದೆ. ಅಮ್ಮನಿಗೆ ಅವತ್ತು ನಲ್ಲಿಯ ಪಕ್ಕದ ಜಾಗ. ಹಿಂದಿನ ದಿನ ಬಾಗಿಲಿನಲ್ಲಿದ್ದರು. ಅಷ್ಟು ಒಳಗೆ ಯಾರೂ ಬರುವುದಿಲ್ಲ ಎಂದುಕೊಂಡೇ ಹೋದರೆ ಅಮ್ಮನ ಎದುರಿಗೆ ಒಬ್ಬ ಗಿರಾಕಿ ಚೀಲ ಬಿಡಿಸಿ ಹಿಡಿದು ನಿಂತಿದ್ದರು. ಬುಟ್ಟಿಯಲ್ಲಿ ಬಂಗುಡೆ ಇನ್ನೂ ಅರ್ಧ ಇತ್ತು. ಅಮ್ಮ ಮೀನು ಮುಟ್ಟುತ್ತಿರಲಿಲ್ಲ. ಒದ್ದೆ ಕೈಯಲ್ಲೇ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಆ ಗಿರಾಕಿಯ ಕಡೆಗೆ ಎತ್ತಿ ಹಿಡಿದಿದ್ದರು. ಅವರ ಕಣ್ಣಿನಲ್ಲಿ ನೀರಿತ್ತು.

"ಒಂಚೂರ್ ನಿಲ್ಲಿ ಹ್ವಾಯ್" ಎನ್ನುತ್ತಿದ್ದರು. "ನಮ್ಮಬ್ಬಿ ಇನ್ನೂ ಹೊಳಿ ದಾಂಟ್ಲಿಲ್ಲೆ."